ಸರ್ಕಾರಿ ಜಿಐಎಸ್ ಕೆಲಸಕ್ಕೆ ಸೇರಿ 6 ತಿಂಗಳಾಯಿತು, ಬರೀ ಫೈಲ್ ಸರಿ ಮಾಡುವುದೇ ಆಯಿತು. ಎಲ್ಲರಿಗೂ ಹೀಗೇನಾ?

ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಇಲಾಖೆಯೊಂದರಲ್ಲಿ ಜಿಯೋಸ್ಪೇಷಿಯಲ್ ಡೇಟಾ ಅನಲಿಸ್ಟ್ ಆಗಿ, ಅಂದರೆ ಕಂಪ್ಯೂಟರ್ ನಕ್ಷೆಗಳ (ಜಿಐಎಸ್) ಕೆಲಸಕ್ಕೆ, ಸೇರಿ 6 ತಿಂಗಳಾಯಿತು. ಓದುವಾಗ ಉಪಗ್ರಹದ ಚಿತ್ರ ಇಟ್ಟುಕೊಂಡು ಕಾಡು ಎಷ್ಟು ಕಡಿಮೆಯಾಯಿತು, ನಗರ ಯಾವ ಕಡೆ ಬೆಳೆಯಿತು ಅಂತ ಲೆಕ್ಕ ಹಾಕುತ್ತಿದ್ದೆವು. ಇಲ್ಲಿಯೂ ಅದೇ ಇರುತ್ತದೆ ಅಂದುಕೊಂಡಿದ್ದೆ. ಬಂದ ಮೇಲೆ ನೋಡಿದರೆ ದಿನದ ಮುಕ್ಕಾಲು ಪಾಲು ಬೇರೆಯವರು ಕಳಿಸಿದ ಫೈಲ್ ಸರಿ ಮಾಡುವುದರಲ್ಲೇ ಹೋಗುತ್ತದೆ.

ಈ ವಾರದ್ದನ್ನೇ ಹೇಳುತ್ತೇನೆ. ಒಂದು ಕಡೆಯಿಂದ ಶೇಪ್‌ಫೈಲ್ (ಹಲವು ಫೈಲ್ ಸೇರಿ ಆಗುವ ನಕ್ಷೆಯ ಡೇಟಾ) ಬಂತು, ತೆರೆದರೆ ಎಸ್‌ಎಚ್‌ಪಿ ಮಾತ್ರ ಇದೆ, ಜೊತೆಗೆ ಬರಬೇಕಾದ, ಕಾಲಂಗಳೆಲ್ಲ ಇರುವ ಡಿಬಿಎಫ್ ಇಲ್ಲ, ಎಸ್‌ಎಚ್‌ಎಕ್ಸ್ ಕೂಡ ಇಲ್ಲ. ಇನ್ನೊಂದರಲ್ಲಿ ಊರುಗಳ ಹೆಸರೆಲ್ಲ ಪ್ರಶ್ನೆ ಚಿಹ್ನೆಗಳಾಗಿವೆ. ಮತ್ತೊಂದರಲ್ಲಿ ಎರಡು ಗಣತಿಯ ಜನಸಂಖ್ಯೆ ಇದೆ, ಆದರೆ ಕಾಲಂ ಹೆಸರಿನಲ್ಲಿ ವರ್ಷವೇ ಇಲ್ಲ, ಯಾವುದು ಹಳೆಯದು ಯಾವುದು ಹೊಸದು ಗೊತ್ತಾಗುತ್ತಿಲ್ಲ. ಶಾಲೆಗಳ ಪಟ್ಟಿಯಲ್ಲಿ ಒಂದಷ್ಟು ಶಾಲೆ ಆಫ್ರಿಕಾದ ಪಕ್ಕ ಸಮುದ್ರದಲ್ಲಿ ಬಿದ್ದಿವೆ.

ಈ ಕೆಲಸ ಅಂದರೆ ಇದೇನಾ? ಅಥವಾ ನಾನು ತಪ್ಪು ಜಾಗಕ್ಕೆ ಬಂದೆನಾ? ಅನುಭವ ಇರುವವರು ಬಿಚ್ಚಿ ಹೇಳಿ.

ಕೋಡುಕಡತ

ಸಮುದ್ರದಲ್ಲಿ ಬಿದ್ದ ಶಾಲೆಗಳ ಅಕ್ಷಾಂಶ ರೇಖಾಂಶ ಎರಡೂ ಸೊನ್ನೆ ಆಗಿರುತ್ತವೆ, ನೋಡಿ. ಯಾರೋ ಕಾಲಂ ಖಾಲಿ ಬಿಟ್ಟಿದ್ದಾರೆ, ಸಾಫ್ಟ್‌ವೇರ್ ಖಾಲಿಯನ್ನು 0 ಅಂತ ಓದಿದೆ. 0,0 ಅಂದರೆ ಗಿನಿ ಕೊಲ್ಲಿ. ಜನಸಂಖ್ಯೆಯ ಕಾಲಂ ವಿಷಯಕ್ಕೂ ಕಾರಣ ಇದೆ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರು 10 ಅಕ್ಷರ ದಾಟುವಂತಿಲ್ಲ. ಇಂಗ್ಲಿಷಿನಲ್ಲಿ ಪಾಪ್ಯುಲೇಷನ್ ಅಂತ ಬರೆದರೆ ಅಲ್ಲಿಗೇ ಸರಿಯಾಗಿ 10 ಅಕ್ಷರ ಮುಗಿಯಿತು, ಅದರ ಮುಂದಿನ ವರ್ಷ ಕತ್ತರಿಸಿ ಹೋಯಿತು. ಕನ್ನಡದಲ್ಲಿ ಬರೆದರೆ ಇನ್ನೂ ಕಷ್ಟ. ಯುನಿಕೋಡ್‌ನ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ಹಾಗಾಗಿ ಕಾಲಂ ಹೆಸರಲ್ಲಿ ಮೂರು ಚಿಹ್ನೆ ಹಿಡಿಸಿದರೆ ಮುಗಿಯಿತು. ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ.

ಫೈಲ್ ಕಳಿಸುವವರಿಗೆ ಜಿಯೋಪ್ಯಾಕೇಜ್‌ನಲ್ಲಿ ಕಳಿಸಿ ಅಂತ ಕೇಳಿಕೊಳ್ಳಿ. ಒಂದೇ ಫೈಲ್, ಹೆಸರು ಕತ್ತರಿಸುವುದಿಲ್ಲ, ಅಕ್ಷರ ಕೆಡುವುದಿಲ್ಲ. ಅಲ್ಲಿಯವರೆಗೆ ಪ್ರತಿ ಸಲ ಬರುವ ತಪ್ಪನ್ನು ಹಿಡಿಯಲು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದಿಡಿ. ಎರಡನೇ ಸಲ ಕೈಯಿಂದ ಮಾಡಿದ ಕೆಲಸವನ್ನು ಮೂರನೇ ಸಲ ಕೈಯಿಂದ ಮಾಡಬಾರದು, ಇದು ನಾನು ಪಾಲಿಸುವ ನಿಯಮ. ನಾನು ಖಾಸಗಿ ಕಂಪನಿಯಿಂದ ಬಂದವನು. ಇಲ್ಲಿ ಜನ ಕೈಯಲ್ಲಿ ಮಾಡುವ ಕೆಲಸದ ಅರ್ಧವನ್ನು ಮಷಿನ್‌ಗೆ ಬಿಡಬಹುದು ಅಂತ ಈಗಲೂ ನಂಬುತ್ತೇನೆ.

ಗೆರೆಗಡಿ

ಸ್ಕ್ರಿಪ್ಟ್ ಬರೆಯಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಹೊಸಹೆಜ್ಜೆಯವರ ಪ್ರಶ್ನೆ ಅದಲ್ಲ ಅನ್ನಿಸುತ್ತದೆ. ನಾನು 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಸಮಯ ಇದ್ದಾಗ ಓದಿ.

ನೀವು ಫೈಲ್ ಸರಿ ಮಾಡುವುದು ಅನ್ನುತ್ತಿರುವುದೇ ನಮ್ಮ ಕೆಲಸದ ಮುಖ್ಯ ಭಾಗ. ಕಂಪನಿಯಲ್ಲಿ ಒಂದು ಅಂಗಡಿ ಎಲ್ಲಿ ತೆರೆಯಬೇಕು ಅಂತ ನಕ್ಷೆ ಮಾಡಿ ತಪ್ಪಾದರೆ ಆ ಕಂಪನಿಗೆ ನಷ್ಟ. ಸರ್ಕಾರದಲ್ಲಿ ನೀವು ಎಳೆದ ಗೆರೆ ಆದೇಶ ಆಗುತ್ತದೆ. ಗೆರೆಯ ಈ ಕಡೆ ಇರುವವರಿಗೆ ಪರಿಹಾರ ಸಿಗುತ್ತದೆ, ಆ ಕಡೆಯವರಿಗೆ ಇಲ್ಲ. ಒಬ್ಬರಿಗೆ ಮನೆ ಕಟ್ಟಲು ಅನುಮತಿ, ಪಕ್ಕದವರಿಗೆ ಇಲ್ಲ. ಆ ಗೆರೆ ಎಲ್ಲಿಂದ ಬಂತು ಅಂತ ಗೊತ್ತಿರುವವರು ಇಡೀ ಕಚೇರಿಯಲ್ಲಿ ನೀವೊಬ್ಬರೇ ಆಗಿರುತ್ತೀರಿ.

ಸೇರಿದ ಮೂರನೇ ವರ್ಷದಲ್ಲಿ ನಡೆದದ್ದು ಹೇಳುತ್ತೇನೆ. ಕಟ್ಟಡ ಕಟ್ಟಬಾರದ ವಲಯದ ಒಂದು ಲೇಯರ್, ಅಂದರೆ ನಕ್ಷೆಯ ಮೇಲೆ ಹಾಸುವ ಒಂದು ಪದರ, ನಮ್ಮ ಸರ್ವರ್‌ನಲ್ಲಿತ್ತು. ಒಬ್ಬರು ಅರ್ಜಿ ಹಾಕಿದರು. ಅವರ ಜಾಗ ಗೆರೆಯಿಂದ 8 ಮೀಟರ್ ಒಳಗೆ ಬರುತ್ತಿತ್ತು. ನಾನು ಸ್ಕ್ರೀನ್‌ನಲ್ಲಿ ದೊಡ್ಡದು ಮಾಡಿ ನೋಡಿದೆ, ಒಳಗೆ ಅಂತ ಬರೆದೆ, ಅರ್ಜಿ ತಿರಸ್ಕಾರ ಆಯಿತು. ಆ ಮನುಷ್ಯ ನಾಲ್ಕು ಸಲ ಕಚೇರಿಗೆ ಬಂದರು. ನಾಲ್ಕನೇ ಸಲ ಬಂದಾಗ ನಾನು ಆ ಲೇಯರ್‌ನ ಮೂಲ ಹುಡುಕಿದೆ. ಅದು 1:50,000 ಅಳತೆಯ ಕಾಗದದ ನಕ್ಷೆಯ ಮೇಲಿದ್ದ ಗೆರೆಯನ್ನು ಯಾರೋ ಸ್ಕ್ಯಾನ್ ಮಾಡಿ, ಅದರ ಮೇಲೆ ಮೌಸ್ ಆಡಿಸಿ ಮಾಡಿದ್ದು.

ಲೆಕ್ಕ ಹಾಕಿ ನೋಡಿ. ಕಾಗದದ ಮೇಲೆ ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಇದ್ದರೆ 1:50,000ದಲ್ಲಿ ಅದು ನೆಲದ ಮೇಲೆ 25 ಮೀಟರ್. ಅಂದರೆ ಗೆರೆಯೇ 25 ಮೀಟರ್ ಅಗಲ ಇದೆ! ಅದರ ನಡುವೆ ಒಂದು ಮನೆ ಪೂರ್ತಿ ಕೂರುತ್ತದೆ. ಸ್ಕ್ಯಾನ್ ಮಾಡುವಾಗ ಕಾಗದ ಹಿಗ್ಗಿದ್ದು, ಮೌಸ್ ಹಿಡಿದವರ ಕೈ ಜಾರಿದ್ದು ಬೇರೆ. ಅಂಥ ಗೆರೆ ಇಟ್ಟುಕೊಂಡು 8 ಮೀಟರ್ ಒಳಗೆ ಅಂತ ಹೇಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಕಂಪ್ಯೂಟರ್‌ನಲ್ಲಿ ಎಷ್ಟು ದೊಡ್ಡದು ಮಾಡಿದರೂ ಗೆರೆ ಕೂದಲೆಳೆಯಷ್ಟು ತೆಳ್ಳಗೇ ಕಾಣುತ್ತದೆ, ಅಲ್ವಾ? ಅದನ್ನು ನೋಡಿಯೇ ನಾನು ಮೋಸ ಹೋದದ್ದು. ಕಡೆಗೆ ಸರ್ವೆ ಮಾಡಿಸಿ, ಫೈಲ್ ಮತ್ತೆ ತೆರೆಸಿ ಸರಿ ಮಾಡಿದೆವು, ಆದರೆ ಅಷ್ಟರಲ್ಲಿ ಅವರ ಒಂದು ವರ್ಷ ಹೋಗಿತ್ತು.

ಅಂದಿನಿಂದ ಯಾವ ಲೇಯರ್ ಬಂದರೂ ಮೊದಲು ಮೂರು ವಿಷಯ ಕೇಳುತ್ತೇನೆ. ಯಾವ ವರ್ಷದ್ದು, ಯಾವ ಅಳತೆಯದ್ದು, ಮಾಡಿದವರು ಯಾರು. ಉತ್ತರ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಮೆಟಾಡೇಟಾದಲ್ಲಿ, ಅಂದರೆ ಲೇಯರ್ ಜೊತೆ ಇಡುವ ವಿವರದಲ್ಲಿ, ಬರೆದಿಡುತ್ತೇನೆ.

ಹೊಸಹೆಜ್ಜೆ

ಗೆರೆಗಡಿ ಅವರೇ, ಇದನ್ನು ಎರಡು ಸಲ ಓದಿದೆ. ಗೆರೆಗೆ ಅಗಲ ಇದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ನಮ್ಮ ಸರ್ವರ್‌ನಲ್ಲಿ ಸುಮಾರು 300 ಲೇಯರ್ ಇವೆ, ಮೆಟಾಡೇಟಾ ಇರುವುದು ಬೆರಳೆಣಿಕೆಯಷ್ಟಕ್ಕೆ ಮಾತ್ರ.

ಇನ್ನೊಂದು ಸಮಸ್ಯೆ ಇದೆ. ಎರಡು ಇಲಾಖೆಯ ಗಡಿಗಳನ್ನು ಒಂದರ ಮೇಲೊಂದು ಇಟ್ಟರೆ ಕೂರುತ್ತಿಲ್ಲ. ಎಲ್ಲ ಕಡೆ ಸುಮಾರು 200 ಮೀಟರ್ ಒಂದೇ ದಿಕ್ಕಿಗೆ ಜರುಗಿದೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಒಂದು ಲೇಯರ್ ಹಿಡಿದು ಎಳೆದು ಕೂರಿಸಿಬಿಡಿ ಅಂದರು. ಮಾಡಬಹುದಾ?

ಹಳೇಸರ್ವೆ

ದಯವಿಟ್ಟು ಎಳೆಯಬೇಡಿ. ಎಲ್ಲ ಕಡೆಯೂ ಒಂದೇ ದಿಕ್ಕು, ಒಂದೇ ದೂರ ಅಂದರೆ ಅದು ಕೈತಪ್ಪಲ್ಲ, ಡೇಟಮ್ ಬೇರೆ, ಅಂದರೆ ಅಳತೆಗೆ ಆಧಾರವಾಗಿಟ್ಟುಕೊಂಡ ಭೂಮಿಯ ಮಾದರಿ ಬೇರೆ. ಹಿಂದಿನ ಸರ್ವೆಗಳಲ್ಲಿ ಪ್ರತಿ ಪ್ರದೇಶಕ್ಕೂ ಹೊಂದುವ ಹಾಗೆ ಭೂಮಿಯ ಆಕಾರಕ್ಕೆ ಒಂದು ಮಾದರಿ ಇಟ್ಟುಕೊಂಡು ಅಳೆಯುತ್ತಿದ್ದರು. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಅನ್ನುವ, ಇಡೀ ಭೂಮಿಗೆ ಒಂದೇ ಆದ ಡೇಟಮ್. ಅದೇ ಅಕ್ಷಾಂಶ ರೇಖಾಂಶದ ಸಂಖ್ಯೆ ಎರಡು ಡೇಟಮ್‌ನಲ್ಲಿ ಎರಡು ಬೇರೆ ಜಾಗ ತೋರಿಸುತ್ತದೆ, ನೂರಾರು ಮೀಟರ್ ವ್ಯತ್ಯಾಸ ಬರುವುದೂ ಉಂಟು. ಎಳೆದು ಕೂರಿಸಿದರೆ ನೀವು ನೋಡಿದ ಮೂಲೆಯಲ್ಲಿ ಸರಿ ಕಾಣುತ್ತದೆ, ಇನ್ನೊಂದು ಮೂಲೆಯಲ್ಲಿ ಮತ್ತೆ ತಪ್ಪುತ್ತದೆ. ಆಮೇಲೆ ಬಂದವರಿಗೆ ಏನಾಗಿದೆ ಅಂತ ಗೊತ್ತೇ ಆಗುವುದಿಲ್ಲ.

ಆ ಲೇಯರ್ ಯಾವ ಡೇಟಮ್‌ನಲ್ಲಿ ಹುಟ್ಟಿತು ಅಂತ ಅದನ್ನು ಮಾಡಿದ ಇಲಾಖೆಯನ್ನೇ ಕೇಳಿ. ಆಮೇಲೆ ಸರಿಯಾದ ರೂಪಾಂತರ ಹಾಕಿ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಲೇಯರ್‌ಗೆ ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ತರುವ ಕ್ರಮ) ಹೆಸರು ಅಂಟಿಸುವುದು ಬೇರೆ, ರೀಪ್ರೊಜೆಕ್ಟ್ ಮಾಡುವುದು ಬೇರೆ. ಮೊದಲನೆಯದರಲ್ಲಿ ಚೀಟಿ ಮಾತ್ರ ಬದಲಾಗುತ್ತದೆ, ಎರಡನೆಯದರಲ್ಲಿ ಸಂಖ್ಯೆಗಳು ಬದಲಾಗುತ್ತವೆ. ತಪ್ಪು ಚೀಟಿ ಅಂಟಿಸಿ ರೀಪ್ರೊಜೆಕ್ಟ್ ಮಾಡಿದರೆ ತಪ್ಪು ಶಾಶ್ವತವಾಗಿ ಒಳಗೆ ಸೇರಿಬಿಡುತ್ತದೆ.

ವರ್ಷ ಯಾಕೆ ಕೇಳಬೇಕು ಅನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು, ನೂರು ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಅದಕ್ಕೂ ಮುಂಚೆ ಕೈಯಲ್ಲಿ ಹಿಡಿಯುವ ಜಿಪಿಎಸ್‌ನಲ್ಲಿ ಗುರುತಿಸಿದ ಬಾವಿ, ಶಾಲೆ, ಗಡಿಕಲ್ಲು ಯಾವುದನ್ನೂ ಹಾಗೇ ನಂಬಬೇಡಿ. ಈಗಿನ ಮೊಬೈಲ್ ಕೂಡ ಬಯಲಲ್ಲಿ ನಿಂತರೆ 5 ಮೀಟರ್ ಆಸುಪಾಸು ಕೊಡುತ್ತದೆ, ಎತ್ತರದ ಕಟ್ಟಡದ ಪಕ್ಕ, ಮರದ ಕೆಳಗೆ ಇನ್ನೂ ಕೆಟ್ಟದಾಗುತ್ತದೆ. ಗಡಿ ತೀರ್ಮಾನಕ್ಕೆ ಅದು ಸಾಲದು. ಆರ್‌ಟಿಕೆ ಅನ್ನುವ, ಸರ್ವೆಯವರ ನಿಖರ ಜಿಪಿಎಸ್ ಉಪಕರಣದಲ್ಲಿ ಒಂದೆರಡು ಸೆಂಟಿಮೀಟರ್‌ವರೆಗೆ ಹೋಗಬಹುದು.

ಕೋಡುಕಡತ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಇಂಟರ್ನೆಟ್ ನಕ್ಷೆಗಳ ವೆಬ್ ಮರ್ಕೇಟರ್ ಪ್ರೊಜೆಕ್ಷನ್ ಇದೆಯಲ್ಲ, ಕೋಡ್ 3857, ಅದರಲ್ಲಿ ಇಟ್ಟುಕೊಂಡೇ ವಿಸ್ತೀರ್ಣ ಲೆಕ್ಕ ಹಾಕಬೇಡಿ. ಸಮಭಾಜಕದಿಂದ ದೂರ ಹೋದ ಹಾಗೆ ಎಲ್ಲ ಹಿಗ್ಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಅಲ್ಲಿ ನದಿಗೆ 500 ಮೀಟರ್ ಬಫರ್, ಅಂದರೆ ಸುತ್ತ ಅಷ್ಟು ಅಗಲದ ಪಟ್ಟಿ, ಹಾಕಿದರೆ ನೆಲದ ಮೇಲೆ ನಿಜವಾಗಿ ಸಿಗುವುದು 250 ಮೀಟರ್. ಕಾನೂನಿನಲ್ಲಿ 500 ಅಂತ ಇದ್ದು, ನೀವು ಅರ್ಧ ಮಾತ್ರ ಕಾಪಾಡಿದ ಹಾಗಾಗುತ್ತದೆ. ನಕ್ಷೆ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಗೆರೆಗಡಿ

ಸರಿಯಾಗಿ ಹೇಳಿದಿರಿ. ಸ್ಕ್ರಿಪ್ಟ್ ಬಗ್ಗೆ ನನಗಿರುವ ಭಯವೂ ಇದೇ. ತಪ್ಪನ್ನು ಅದು ಸದ್ದಿಲ್ಲದೆ ಸಾವಿರ ಸಲ ಮಾಡುತ್ತದೆ. ಒಂದು ಸಲ ನಮ್ಮಲ್ಲಿ ಕೆಟ್ಟ ಪಾಲಿಗನ್‌ಗಳನ್ನೆಲ್ಲ (ಗೆರೆ ಸುತ್ತುವರಿದ ಆಕಾರಗಳು) ಪೋಸ್ಟ್‌ಜಿಐಎಸ್ ಡೇಟಾಬೇಸ್‌ನ, ಆಕಾರ ತಾನೇ ಸರಿ ಮಾಡುವ ಮೇಕ್‌ವ್ಯಾಲಿಡ್‌ಗೆ ಹಾಕಿ ರಾತ್ರೋರಾತ್ರಿ ಸರಿ ಮಾಡಿದರು. ಗೆರೆ ತನ್ನನ್ನೇ ದಾಟಿ 8ರ ಆಕಾರ ಆಗಿದ್ದ ಜಮೀನುಗಳಿದ್ದವು. ಅಂಥ ಆಕಾರದಲ್ಲಿ ಎರಡು ಭಾಗದ ವಿಸ್ತೀರ್ಣ ಒಂದನ್ನೊಂದು ಕಳೆದುಕೊಳ್ಳುತ್ತದೆ, ಸರಿ ಮಾಡಿದ ಮೇಲೆ ಎರಡೂ ಕೂಡುತ್ತದೆ. ಬೆಳಿಗ್ಗೆ ನೋಡಿದರೆ ಕೆಲವು ಜಮೀನು ದೊಡ್ಡದಾಗಿವೆ. ಯಾವುದು ನಿಜ? ಎರಡೂ ಅಲ್ಲ. ಮೂಲ ದಾಖಲೆ ತೆಗೆದು, ಮೂಲೆಗಳ ಕ್ರಮ ಎಲ್ಲಿ ಅದಲುಬದಲಾಗಿದೆ ಅಂತ ಒಂದೊಂದಾಗಿ ನೋಡಬೇಕಾಯಿತು.

ಕೋಡುಕಡತ

ಒಪ್ಪಿದೆ. ಸ್ಕ್ರಿಪ್ಟ್ ತಪ್ಪನ್ನು ಹುಡುಕಿ ಪಟ್ಟಿ ಮಾಡಬೇಕು, ಬದಲಾಯಿಸುವ ಮುಂಚೆ ಮನುಷ್ಯ ನೋಡಬೇಕು. ಹಿಂದಿನ ವಿಸ್ತೀರ್ಣ, ಈಗಿನ ವಿಸ್ತೀರ್ಣ ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಬಂದದ್ದನ್ನು ತೋರಿಸುವ ಒಂದು ಸಾಲು ಸೇರಿಸಿದ್ದರೆ ಆ ರಾತ್ರಿಯೇ ಗೊತ್ತಾಗುತ್ತಿತ್ತು. ಮೊದಲ ಉತ್ತರದಲ್ಲಿ ನಾನು ಇದನ್ನು ಹೇಳಬೇಕಿತ್ತು.

ಮೋಡದಾಚೆ

ನಾನು ಉಪಗ್ರಹ ಚಿತ್ರಗಳ ಕಡೆ ಕೆಲಸ ಮಾಡುತ್ತೇನೆ, ವಿಪತ್ತು ನಿರ್ವಹಣೆಗೆ. ಹೊಸಹೆಜ್ಜೆ ಅವರು ಓದುವಾಗ ಮಾಡುತ್ತಿದ್ದ ಕೆಲಸ ಇಲ್ಲಿದೆ, ಆದರೆ ಇಲ್ಲೂ ಅದೇ ಪಾಠ.

ಪ್ರವಾಹ ಬಂದ ದಿನ ಮೋಡ ಇದ್ದೇ ಇರುತ್ತದೆ, ಹಾಗಾಗಿ ಮಾಮೂಲಿ ಚಿತ್ರ ಕೆಲಸಕ್ಕೆ ಬರುವುದಿಲ್ಲ. ಸೆಂಟಿನೆಲ್-1 ಉಪಗ್ರಹಗಳ ರೇಡಾರ್ ಮೋಡದ ಮೂಲಕವೂ, ರಾತ್ರಿಯೂ ನೋಡುತ್ತದೆ. ಸಮತಟ್ಟಾದ ನೀರು ರೇಡಾರ್ ಅಲೆಯನ್ನು ಕನ್ನಡಿಯ ಹಾಗೆ ಆಚೆ ಚಿಮ್ಮಿಸುತ್ತದೆ, ಉಪಗ್ರಹಕ್ಕೆ ವಾಪಸ್ ಬರುವುದಿಲ್ಲ, ಆ ಜಾಗ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಕಪ್ಪು ಎಲ್ಲಿದೆಯೋ ಅಲ್ಲಿ ನೀರು, ಕೇಳಲು ಸುಲಭ. ಮೊದಲ ಸಲ ನಾನು ಹಾಗೇ ಮಾಡಿ ಕೊಟ್ಟೆ. ನಕ್ಷೆಯಲ್ಲಿ ವಿಮಾನದ ರನ್‌ವೇ ಮುಳುಗಿತ್ತು, ಅಗಲವಾದ ಡಾಂಬರು ರಸ್ತೆ ಮುಳುಗಿತ್ತು. ಅವೂ ನಯವಾಗಿವೆ, ಅವೂ ಕಪ್ಪಗೆ ಕಾಣುತ್ತವೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಮರಗಳ ನಡುವೆ, ಮನೆಗಳ ನಡುವೆ ನಿಂತ ನೀರಿಗೆ ಅಲೆ ಬಡಿದು, ಗೋಡೆಗೋ ಕಾಂಡಕ್ಕೋ ತಾಗಿ ಜೋರಾಗಿ ವಾಪಸ್ ಬರುತ್ತದೆ, ಹಾಗಾಗಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಅಂದರೆ ಜನ ಇರುವ ಜಾಗದ ನೀರೇ ನನ್ನ ನಕ್ಷೆಯಲ್ಲಿ ಇರಲಿಲ್ಲ. ದೋಣಿ ಕಳಿಸುವವರು ನನ್ನ ನಕ್ಷೆ ನೋಡಿಯೇ ದಾರಿ ಗೊತ್ತು ಮಾಡುತ್ತಿದ್ದರು. ನೆಲದಲ್ಲಿದ್ದವರು ಫೋನ್ ಮಾಡಿ ಹೇಳಿದ್ದರಿಂದ ಸರಿಯಾಯಿತು.

ಈಗ ನಾನು ಪ್ರವಾಹಕ್ಕೆ ಮುಂಚಿನ ಚಿತ್ರವನ್ನೂ ಇಟ್ಟು ಎರಡರ ವ್ಯತ್ಯಾಸ ನೋಡುತ್ತೇನೆ. ಕಟ್ಟಡ ಜಾಸ್ತಿ ಇರುವ ಕಡೆ ಇಲ್ಲಿ ನಕ್ಷೆಯಿಂದ ಹೇಳಲು ಆಗುವುದಿಲ್ಲ ಅಂತ ಬೇರೆ ಬಣ್ಣದಲ್ಲಿ ತೋರಿಸುತ್ತೇನೆ. ಆ ಬಣ್ಣ ಕಂಡರೆ ಮೇಲಿನವರಿಗೆ ಇಷ್ಟ ಆಗುವುದಿಲ್ಲ. ಆದರೂ ಅದನ್ನು ತೆಗೆಯುವುದಿಲ್ಲ.

ಚಿತ್ರ ಬೇಕಾದ ದಿನವೇ ಸಿಗುತ್ತದೆ ಅನ್ನುವ ಭರವಸೆಯೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಸೆಂಟಿನೆಲ್-1ಬಿ ಕೆಟ್ಟಿತು. ಎರಡು ಉಪಗ್ರಹ ಇದ್ದಾಗ 6 ದಿನಕ್ಕೊಮ್ಮೆ ಬರುತ್ತಿದ್ದ ಪಥ 12 ದಿನಕ್ಕೆ ಹೋಯಿತು. ಪ್ರವಾಹ 3 ದಿನದಲ್ಲಿ ಬಂದು ಇಳಿದರೆ ನಾವು ನೋಡುವುದು ಕೆಸರನ್ನು. ದೊಡ್ಡ ವಿಪತ್ತು ಆದರೆ ದೇಶಗಳ ಬಾಹ್ಯಾಕಾಶ ಸಂಸ್ಥೆಗಳು ಸೇರಿ 2000ದಿಂದ ನಡೆಸುತ್ತಿರುವ ಅಂತರರಾಷ್ಟ್ರೀಯ ಚಾರ್ಟರ್ ಮೂಲಕ ಬೇರೆ ಉಪಗ್ರಹಗಳ ಚಿತ್ರ ಉಚಿತವಾಗಿ ಕೇಳಬಹುದು. ನಿಮ್ಮ ಇಲಾಖೆಯಲ್ಲಿ ಅದನ್ನು ಕೇಳುವ ಅಧಿಕಾರ ಯಾರಿಗಿದೆ ಅಂತ ಮಳೆ ಬರುವ ಮುಂಚೆಯೇ ತಿಳಿದಿಟ್ಟುಕೊಳ್ಳಿ.

ಹೊಸಹೆಜ್ಜೆ

ಮೋಡದಾಚೆ ಅವರೇ, ಸರಿಯಾದ ಹೊತ್ತಿಗೆ ಬಂದಿರಿ. ಡೇಟಮ್ ವಿಷಯ ಹಳೇಸರ್ವೆ ಅವರು ಹೇಳಿದ ಹಾಗೇ ಆಯಿತು. ಆ ಇಲಾಖೆಗೆ ಫೋನ್ ಮಾಡಿದೆ, ಹಳೆಯ ಡೇಟಮ್ ಅಂತ ಒಪ್ಪಿಕೊಂಡರು, ರೂಪಾಂತರ ಹಾಕಿದೆ, ಗಡಿ ಕೂತಿತು. ಬಹಳ ಖುಷಿಯಾಯಿತು.

ಆದರೆ ಈಗ ಇನ್ನೊಂದು ತಲೆನೋವು. ನೆರೆಯ ಅಪಾಯ ಇರುವ ವಲಯದಲ್ಲಿ ಯಾವ ಯಾವ ಮನೆ ಇವೆ ಅಂತ ನಾಳೆ ಮಧ್ಯಾಹ್ನದ ಸಭೆಗೆ ಪಟ್ಟಿ ಬೇಕು ಅಂತ ಮೇಲಧಿಕಾರಿ ಕೇಳಿದ್ದಾರೆ. ನಮ್ಮಲ್ಲಿರುವ ಎತ್ತರದ ಡೇಟಾ ಎಸ್‌ಆರ್‌ಟಿಎಂ. ಅದರಿಂದ ಹಿಂದೆ ಯಾರೋ ಮಾಡಿದ ವಲಯ ಇದೆ. ಆ ವಲಯದೊಳಗಿನ ಮನೆ ಆರಿಸುವುದು ಐದು ನಿಮಿಷದ ಕೆಲಸ. ಮೊದಲಾಗಿದ್ದರೆ ಮಾಡಿ ಕೊಟ್ಟುಬಿಡುತ್ತಿದ್ದೆ. ಇಲ್ಲಿ ಓದಿದ ಮೇಲೆ ಕೈ ಓಡುತ್ತಿಲ್ಲ.

ಮೋಡದಾಚೆ

ಕೈ ಓಡದಿರುವುದೇ ಒಳ್ಳೆಯದು. ಎಸ್‌ಆರ್‌ಟಿಎಂ ಅನ್ನು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್‌ನಲ್ಲಿ ಅಳೆದದ್ದು. ಒಂದೊಂದು ಚೌಕ ಸುಮಾರು 30 ಮೀಟರ್. ಮರ ದಟ್ಟವಾಗಿದ್ದ ಕಡೆ ಅದು ಅಳೆದದ್ದು ನೆಲವನ್ನಲ್ಲ, ಮರದ ಮೇಲ್ಭಾಗದ ಹತ್ತಿರ. ಕಟ್ಟಡದ ಕಡೆ ಛಾವಣಿಯೂ ಸೇರಿಕೊಂಡಿದೆ. ಅಂದರೆ ಹಲವು ಕಡೆ ನೆಲ ಇರುವುದಕ್ಕಿಂತ ಎತ್ತರ ಕಾಣುತ್ತದೆ, ಅಪಾಯ ಇರುವ ಮನೆ ವಲಯದ ಹೊರಗೆ ಬೀಳುತ್ತದೆ. ಆಮೇಲೆ ಕಟ್ಟಿದ ರಸ್ತೆ, ತುಂಬಿಸಿದ ಹಳ್ಳ ಯಾವುದೂ ಅದರಲ್ಲಿ ಇಲ್ಲ.

ಗೆರೆಗಡಿ

ಆದರೆ ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ. ಹಾಗೆ ಹೇಳಿದರೆ ಸಭೆ ನಿಲ್ಲುವುದಿಲ್ಲ, ಇನ್ನೂ ಕೆಟ್ಟ ಪಟ್ಟಿಯೊಂದನ್ನು ಬೇರೆಯವರ ಹತ್ತಿರ ಮಾಡಿಸುತ್ತಾರೆ. ಪಟ್ಟಿ ಕೊಡಿ, ಆದರೆ ಮೂರು ಭಾಗ ಮಾಡಿ ಕೊಡಿ. ಖಂಡಿತ ಒಳಗೆ ಇರುವವು, ಖಂಡಿತ ಹೊರಗೆ ಇರುವವು, ನಡುವೆ ಇರುವವು. ನಡುವಿನದು ಎಷ್ಟು ಅಗಲ ಅಂತ ಡೇಟಾ ನೋಡಿ ನೀವೇ ತೀರ್ಮಾನಿಸಿ, ಯಾಕೆ ಅಷ್ಟು ಅಂತ ಒಂದು ಸಾಲು ಬರೆಯಿರಿ. ನಡುವಿನ ಮನೆಗಳಿಗೆ ಸ್ಥಳ ಪರಿಶೀಲನೆ ಬೇಕು ಅಂತ ಪಟ್ಟಿಯಲ್ಲೇ ಇರಲಿ. ಈ ಮಾತನ್ನು ಬೇರೆ ಟಿಪ್ಪಣಿಯಲ್ಲಿ ಹಾಕಬೇಡಿ. ಟಿಪ್ಪಣಿ ಕಳೆದುಹೋಗುತ್ತದೆ, ಪಟ್ಟಿ ಫೋಟೋಕಾಪಿ ಆಗಿ ಎಲ್ಲ ಕಡೆ ಓಡಾಡುತ್ತದೆ.

ಇನ್ನೊಂದು ಮುಖ್ಯ ವಿಷಯ. ಪಟ್ಟಿಯಲ್ಲಿ ಜನರ ಹೆಸರು ಬೇಡ. ಸಭೆಗೆ ಬೇಕಾದ್ದು ಎಷ್ಟು ಮನೆ, ಯಾವ ಬೀದಿ. ಯಾರ ಮನೆ ಅನ್ನುವುದು ಸಭೆಯಿಂದ ಹೊರಗೆ ಹೋದರೆ ಆ ಮನೆ ಮಾರಲು ಹೊರಟವರಿಗೆ, ಬಾಡಿಗೆ ಕೊಡುವವರಿಗೆ ತೊಂದರೆ. ಅದೂ ಇನ್ನೂ ಪರಿಶೀಲನೆ ಆಗದ ಪಟ್ಟಿಯಿಂದ.

ಹಳೇಸರ್ವೆ

ಸಾಧ್ಯವಾದರೆ ಬೆಳಿಗ್ಗೆ ಬೇಗ ಎದ್ದು ನಡುವಿನ ಒಂದೆರಡು ಬೀದಿಗಾದರೂ ಹೋಗಿ ಬನ್ನಿ. ಗೋಡೆಗಳ ಮೇಲೆ ಹಿಂದಿನ ನೆರೆಯ ಗುರುತು ಇರುತ್ತದೆ. ವಯಸ್ಸಾದವರನ್ನು ಕೇಳಿದರೆ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೈ ತೋರಿಸಿ ಹೇಳುತ್ತಾರೆ. ಅಳತೆ ಟೇಪ್, ಮೊಬೈಲ್ ಇದ್ದರೆ ಸಾಕು. ಫೋಟೋ ತೆಗೆದು ದಿನಾಂಕ ಹಾಕಿ.

ಬಿಟ್ಟುಹೋದವಳು

ನಡುವೆ ಬಂದು ಒಂದು ಮಾತು. ನಾನು ಇದೇ ಕೆಲಸ ಮೂರು ವರ್ಷ ಮಾಡಿ ಬಿಟ್ಟೆ. ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ, ಆದರೆ ಗುತ್ತಿಗೆ ಮೇಲೆ ಇರುವವರ ಕಷ್ಟವನ್ನೂ ಹೇಳಬೇಕು. ವರ್ಷಕ್ಕೊಮ್ಮೆ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಅಂತ ಕಾಯುವುದು, ಕಂಪ್ಯೂಟರ್‌ಗೆ ಮೆಮೊರಿ ಹಾಕಿಸಲು ತಿಂಗಳುಗಟ್ಟಲೆ ಕಡತ ಓಡಾಡುವುದು. ನಾನು ಬಿಟ್ಟಾಗ ಮೂರು ವರ್ಷದಲ್ಲಿ ತಿಳಿದುಕೊಂಡಿದ್ದೆಲ್ಲ ನನ್ನ ಜೊತೆಯೇ ಹೋಯಿತು. ಯಾವ ಲೇಯರ್ ನಂಬಬಹುದು, ಯಾವುದು ಬೇಡ ಅಂತ ಬರೆದಿಡಲು ಯಾರೂ ಕೇಳಲಿಲ್ಲ, ನಾನೂ ಬರೆದಿಡಲಿಲ್ಲ. ಅದರ ಬಗ್ಗೆ ಈಗಲೂ ಬೇಸರ ಇದೆ. ಹೊಸಹೆಜ್ಜೆ ಅವರೇ, ನೀವು ಇರಿ ಅಥವಾ ಬಿಡಿ, ಆ 300 ಲೇಯರ್‌ಗಳ ಬಗ್ಗೆ ದಿನಕ್ಕೆ ಒಂದರಂತೆ ನಾಲ್ಕು ಸಾಲು ಬರೆಯಿರಿ. ಒಂದು ವರ್ಷದೊಳಗೆ ಮುಗಿಯುತ್ತದೆ.

ಹೊಸಹೆಜ್ಜೆ

ಸಭೆ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎರಡು ಬೀದಿಗೆ ಹೋಗಿದ್ದೆ. ಒಂದು ಬೀದಿಯ ಕೊನೆಯ ಐದು ಮನೆಗಳು ನಮ್ಮ ವಲಯದ ಹೊರಗಿದ್ದವು. ಅಲ್ಲಿ ಒಬ್ಬ ಅಜ್ಜಿ ಬಾಗಿಲ ಚೌಕಟ್ಟಿನ ಮೇಲೆ ನೀರು ನಿಂತ ಗುರುತು ತೋರಿಸಿದರು, ನೆಲದಿಂದ ಅಳೆದರೆ 70 ಸೆಂಟಿಮೀಟರ್. ಅವರ ಮನೆಯ ಹಿಂದೆ ದೊಡ್ಡ ತೋಪು ಇದೆ. ಮೋಡದಾಚೆ ಅವರು ಹೇಳಿದ್ದು ಇದೇ ಇರಬೇಕು, ಡೇಟಾದಲ್ಲಿ ಆ ಜಾಗ ಗುಡ್ಡದ ಹಾಗೆ ಕಾಣುತ್ತದೆ, ಹೋಗಿ ನೋಡಿದರೆ ತಗ್ಗು.

ಪಟ್ಟಿಯನ್ನು ಮೂರು ಭಾಗ ಮಾಡಿ ಕೊಟ್ಟೆ. ಮೇಲಧಿಕಾರಿ ಮೊದಲು ಸಿಟ್ಟಾದರು, ಒಂದು ಸಂಖ್ಯೆ ಕೇಳಿದರೆ ಮೂರು ಯಾಕೆ ಅಂದರು. ಅಜ್ಜಿಯ ಬಾಗಿಲಿನ ಫೋಟೋ ತೋರಿಸಿದೆ, ಪಕ್ಕದಲ್ಲೇ ನಮ್ಮ ವಲಯದ ಗೆರೆ ಎಲ್ಲಿದೆ ಅಂತಲೂ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ನಡುವಿನ ಮನೆಗಳಿಗೆ ಸರ್ವೆ ಮಾಡಿಸಲು ಒಪ್ಪಿದ್ದಾರೆ, ಎರಡು ವಾರ ಕೊಟ್ಟಿದ್ದಾರೆ.

ಹಳೇಸರ್ವೆ ಅವರೇ, ಸರ್ವೆ ತಂಡದ ಜೊತೆ ನಾನೂ ಹೋಗುತ್ತಿದ್ದೇನೆ. ಮನೆಯ ಹೊಸ್ತಿಲ ಎತ್ತರ ಅಳೆಯಬೇಕಾ, ಅಂಗಳದ್ದಾ?

ಹಳೇಸರ್ವೆ

ಎರಡೂ. ನೀರು ಮೊದಲು ಬರುವುದು ಅಂಗಳಕ್ಕೆ, ಜನ ಮನೆ ಬಿಟ್ಟು ಹೊರಡುವುದು ಹೊಸ್ತಿಲು ದಾಟಿದಾಗ. ಪ್ರತಿ ಬೀದಿಯಲ್ಲೂ ಕದಲದ ಒಂದು ಗುರುತು, ಸೇತುವೆಯ ಮೂಲೆಯೋ ಬಾವಿಕಟ್ಟೆಯೋ, ಮೊದಲು ಅಳೆದುಕೊಳ್ಳಿ. ಸಂಜೆ ಹೊರಡುವಾಗ ಅದನ್ನೇ ಇನ್ನೊಮ್ಮೆ ಅಳೆಯಿರಿ. ಎರಡು ಅಳತೆ ಹೊಂದದಿದ್ದರೆ ಆ ದಿನದ್ದು ಯಾವುದನ್ನೂ ಸರ್ವರ್‌ಗೆ ಹಾಕಬೇಡಿ.